ಬೀಗರ ಮನೆಯ ಕ್ಯಾಲ್ಸಿಯಂ

ಪ್ರೀತಿ ಹೆಚ್ಚಾದಾಗ ಮನುಷ್ಯನ ಹೃದಯ ತಾಳ ತಪ್ಪುತ್ತದೆಂದು ತಿಳಿದವರು ಹೇಳುತ್ತಾರೆ. ನನ್ನದು ತಾಳ ತಪ್ಪಿದ್ದು ನಿಜ. ಹೆಚ್ಚಾಗಿದ್ದು ಮಾತ್ರ ಸುಣ್ಣ.

ನೌಕರಿಯಿಂದ ನಿವೃತ್ತನಾದ ಮೇಲೆ ನನ್ನ ಮೊಣಕಾಲು ನೋಯತೊಡಗಿತು. ಈ ಸುದ್ದಿಯನ್ನು ಗುಟ್ಟಾಗಿಡಬೇಕಿತ್ತು, ಇಡಲಿಲ್ಲ. ಗೋಕಾಕದ ಮನೆಯಲ್ಲಿ ಹೆಂಡತಿ ದಿನಾ ಬೆಳಿಗ್ಗೆ ಮಜ್ಜಿಗೆಯಲ್ಲಿ ಎಲೆಗೆ ಹಚ್ಚುವ ಸುಣ್ಣ ಕದಡಿ ಕುಡಿಸತೊಡಗಿದಳು. ಹುಕ್ಕೇರಿಯ ಅಕ್ಕ ತನಗೆ ಅಲ್ಲಿಯ ಡಾಕ್ಟರು ಬರೆದುಕೊಟ್ಟ ಕ್ಯಾಲ್ಸಿಯಂ ಗುಳಿಗೆಗಳಲ್ಲಿ ಅರ್ಧ ನನಗೆ ಹಂಚಿದಳು. ತವರಿನ ಹೊಲದಲ್ಲಿ ಪಾಲು ಕೇಳದ ಹೆಣ್ಣುಮಗಳು ಕೊಟ್ಟ ಪಾಲನ್ನು ಬೇಡವೆನ್ನುವುದು ಹೇಗೆ?

ಉಳಿದದ್ದು ಮೂಡಲಗಿ. ಅಲ್ಲಿ ನಮ್ಮ ಬೀಗರಿದ್ದಾರೆ, ಮಗಳ ಮಾವ. ಬೀಗರ ಮನೆಯಿಂದ ಬರಿಗೈಲಿ ಬರುವ ಪದ್ಧತಿಯಿಲ್ಲ. ಮೊದಲೆಲ್ಲ ಉಂಡಿ ಕಟ್ಟಿ ಕೊಡುತ್ತಿದ್ದರು. ಈಗ ಎರಡೂ ಮನೆಗಳಿಗೆ ಸಕ್ಕರೆ ಕಾಯಿಲೆ. ಹೀಗಾಗಿ ವಿಟಮಿನ್ ಡಿ ಪುಡಿಯ ಪೊಟ್ಟಣಗಳನ್ನು ಕಟ್ಟಿ ಕೊಟ್ಟರು. ವಾರಕ್ಕೊಂದು ಕುಡಿಯಬೇಕಾದದ್ದು. ಬೀಗರ ಉಡುಗೊರೆಯನ್ನು ವಾರಕ್ಕೊಮ್ಮೆ ಮುಟ್ಟಿದರೆ ತಿರಸ್ಕಾರವಾದೀತೆಂದು ನಾನು ದಿನಕ್ಕೊಂದು ಕುಡಿದೆ.

ಬರಬರುತ್ತ ಬಾಯಾರಿಕೆ ಹೆಚ್ಚಿತು, ಮೂತ್ರವೂ ಹೆಚ್ಚಿತು. ಹುಕ್ಕೇರಿಯ ದಾರಿಯಲ್ಲಿ ನಾನು ಬಸ್ಸು ನಿಲ್ಲಿಸದ ಬೇಲಿಯಿಲ್ಲ. ಹೊಟ್ಟೆ ಮಾತ್ರ ಕದಲಲೊಲ್ಲದು. ಒಂದು ಬೆಳಿಗ್ಗೆ ಎದೆ ಬಡಿಯುತ್ತ ಬಡಿಯುತ್ತ ನಡುವೆ ಒಂದು ಬಿಟ್ಟು, ಆಮೇಲೆ ಬಾಕಿ ತೀರಿಸುವವರಂತೆ ಎರಡು ಕೂಡಿಯೇ ಬಡಿಯಿತು. ಹೆಂಡತಿ ದವಾಖಾನೆಗೆ ಕರೆದೊಯ್ದಳು.

"ರಕ್ತದಾಗ ಕ್ಯಾಲ್ಸಿಯಂ ಭಾಳ ಏರೇತ್ರಿ," ಎಂದರು ಡಾಕ್ಟರು. "ಅದು ಏರಿದರ ಎದಿಬಡಿತ ಹಿಂಗ ಹದಾ ತಪ್ಪತೈತಿ. ಏನರ ಔಷಧ ತಗೋತೀರೇನ್ರಿ?"

"ಒಂದೂ ಇಲ್ರಿ."

ಇದು ಸುಳ್ಳಲ್ಲ. ನಮ್ಮ ಕಡೆ ಔಷಧವೆಂದರೆ ಅಂಗಡಿಯಿಂದ ಕೊಂಡು ತಂದದ್ದು. ಸಂಬಂಧಿಕರು ಕೊಟ್ಟದ್ದು ಉಪಚಾರ.

"ನಾಳೆ ಸಂಜೀತನಕ ಬಡಿತ ಹದಕ್ಕ ಬರಲಿಲ್ಲಂದ್ರ ಬೆಳಗಾವಿಗೆ ಕಳಸತೇನಿ," ಎಂದು ಅವರು ನನ್ನನ್ನು ಮಲಗಿಸಿ ಸಲೈನ್ ಹಚ್ಚಿದರು.

ಬೆಳಗಾವಿ ಎಂದೊಡನೆ ಹೆಂಡತಿ ಅಳತೊಡಗಿದಳು. "ದಿನಾ ತಪ್ಪದ ಸುಣ್ಣದ ಮಜ್ಜಿಗಿ ಕುಡಸೇನಲ್ರಿ, ಹಿಂಗ್ಯಾಕಾತು!"

ಡಾಕ್ಟರು ಸುಣ್ಣವೆಂದು ಚೀಟಿಯಲ್ಲಿ ಬರೆದುಕೊಂಡರು. "ಗ್ವಾಡಿಗೂ ವರ್ಷಕ್ಕೊಮ್ಮೆ ಸುಣ್ಣಾ ಹಚ್ತಾರ್ರೀ ಅಮ್ಮಾರ. ಇವರಿಗೆ ದಿನಾ ಏನ್ರಿ?"

ಸಂಜೆಗೆ ಅಕ್ಕ ಬಂದಳು, ಬೀಗರೂ ಬಂದರು. ನನ್ನ ಹಾಸಿಗೆಯ ಪಕ್ಕದಲ್ಲೇ ಪಂಚಾಯಿತಿ ಕೂಡಿತು.

"ಇದು ಸುಣ್ಣದ್ದ ಕೆಲಸ," ಅಕ್ಕ ನನ್ನ ಹೆಂಡತಿಯ ಕಡೆ ನೋಡಿದಳು. "ನನ್ನ ಗುಳಿಗಿ ಏನೂ ಮಾಡಂಗಿಲ್ಲ. ವರ್ಷಾತು ತಗೊಳ್ಳಾಕತ್ತು, ನನಗ ಗುಣಾನೂ ಆಗಿಲ್ಲ!"

"ಬರೇ ಸುಣ್ಣಾ ಗುಳಿಗೀಲೆ ಇಷ್ಟ ಏರೂದಿಲ್ಲ ಬಿಡ್ರಿ," ಎಂದರು ಬೀಗರು, ಸಂಕೋಚ ಬೆರೆತ ಹೆಮ್ಮೆಯಿಂದ. "ನಮ್ಮ ಪುಡಿ ಭಾರೀದೈತಿ."

"ಹಂಗಾರ ನೀವ ಗೆದ್ರಿ ಬಿಡ್ರಿ, ಬೀಗರ," ಎಂದಳು ಹೆಂಡತಿ, ಕಣ್ಣೊರೆಸಿಕೊಂಡು.

ಬಾಗಿಲಲ್ಲಿ ನಿಂತು ಎಲ್ಲ ಕೇಳಿದ ಡಾಕ್ಟರು ನನ್ನ ಕಡೆ ತಿರುಗಿದರು. "ಒಂದೂ ಇಲ್ಲ ಅಂದ್ರಲ್ರೀ! ಮೂರೂರಿನ ಉಡುಗೊರಿ ನಿಮ್ಮ ಎದಿ ಮ್ಯಾಲ ಕುಂತೈತಿ."

ಮೂರನ್ನೂ ಅಂದೇ ನಿಲ್ಲಿಸಲಾಯಿತು. ಮರುದಿನ ಸಂಜೆ ತೆಗೆದ ಇಸಿಜಿಯಲ್ಲಿ ಬಡಿತ ಸರಿಯಾಗಿತ್ತು. ಬೆಳಗಾವಿಗೆ ಕಳಿಸಲಿಲ್ಲ. ಕ್ಯಾಲ್ಸಿಯಂ ಪೂರ್ತಿ ಇಳಿಯಲು ಒಂದು ತಿಂಗಳು ಹಿಡಿಯಿತು.