ಮಾದರಿ ಪಾಠ ಮತ್ತು ಒಂದು ಹೊಗಳಿಕೆ

ಧಾರವಾಡದಲ್ಲಿ ಬಿ.ಎಡ್. ಓದುವಾಗ, ತರಗತಿಯ ಒಬ್ಬರೇ ಎಲ್ಲರೆದುರು ಮಾಡಿ ತೋರಿಸುವ ಆ ವರ್ಷದ ಕನ್ನಡ ಮಾದರಿ ಪಾಠ ನನಗೇ ಸಿಗುತ್ತದೆಂದು ನಂಬಿದ್ದೆ. ಪ್ರತಿ ಅಭ್ಯಾಸ ಪಾಠದ ನಂತರ ಕನ್ನಡದ ಸರ್ ಮುಂದೆ ಸಹಪಾಠಿಗಳು ಎದ್ದು ಅಭಿಪ್ರಾಯ ಹೇಳುವುದು ರೂಢಿ. ನನ್ನ ಪಾಠ ಮುಗಿದಾಗ ಆಪ್ತ ಗೆಳತಿ ಎದ್ದಳು.

"ಸರ್, ಇಕಿ ಮನ್ಯಾಗ ಉರ್ದು ಮಾತಾಡ್ತಾರ್ರಿ. ಆದ್ರೂ ಕನ್ನಡ ಎಷ್ಟ್ ಛಲೋ ಕಲ್ತಾಳ ನೋಡ್ರಿ."

"ಹೌದೇನವಾ? ಗೊತ್ತ ಆಗಂಗಿಲ್ಲ ಬಿಡು," ಎಂದರು ಸರ್. ಎಲ್ಲರೂ ಚಪ್ಪಾಳೆ ತಟ್ಟಿದರು.

ಮರುದಿನ ಮಾದರಿ ಪಾಠ ಗೆಳತಿಯ ಪಾಲಾಯಿತು. "ಮನಿ ಭಾಷಾನ ಕನ್ನಡ ಇದ್ದೋರು ಮಾಡ್ಲಿ ಅಂದ್ರು ಸರ್," ಎಂದಳು.

ಹಳೇ ಹುಬ್ಬಳ್ಳಿಯ ಓಣಿಯಲ್ಲಿ ನಾನು ಎರಡೂ ಭಾಷೆಗಳಲ್ಲಿ ಜಗಳಾಡಿ ಬೆಳೆದವಳು. ಅದು ಅವಳಿಗೆ ಗೊತ್ತಿತ್ತು. ಬೇಕೆಂದೇ ಹೇಳಿದಳೋ, ಈಗ ನಾನೇ ಹಾಗೆ ನೆನೆಯುತ್ತಿದ್ದೇನೋ, ಖಾತ್ರಿಯಿಲ್ಲ.

ಅವಳ ಪಾಠ ಮುಗಿದಾಗ ಎಲ್ಲರೂ ಅವಳು ಪ್ರಶ್ನೆ ಕೇಳಿದ ರೀತಿಯನ್ನು, ಹಲಗೆಯ ಮೇಲಿನ ಅಕ್ಷರವನ್ನು ಹೊಗಳಿದರು. ಅವಳ ಕನ್ನಡ ಛಲೋ ಇದೆ ಎಂದು ಹೇಳಬೇಕೆಂದು ಯಾರಿಗೂ ಅನಿಸಲಿಲ್ಲ.