ತೊಂಬತ್ತೈದು ನಂಬರಿನ ಡೋಸು

ಔಷಧಾಲಯದ ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾಗಿದ್ದರೂ ಕಾಂಪೌಂಡರ ಕೈ ಡೋಸು ಅಳೆಯುವುದನ್ನು ಬಿಟ್ಟಿರಲಿಲ್ಲ. ಗಿಡಗಳಿಗೆ ನೀರು ಊಟಕ್ಕೆ ಮುಂಚೆ, ಬೆಕ್ಕಿಗೆ ಹಾಲು ಊಟದ ನಂತರ. ಇಪ್ಪತ್ತೆರಡು ವರ್ಷದ ಪುಟ್ಟ ಕಾರಿಗೆ ಒಂದು ಸಲಕ್ಕೆ ಐದೇ ಲೀಟರು ಪೆಟ್ರೋಲು. ಟ್ಯಾಂಕು ತುಂಬಿಸಿದರೆ ಮುದಿ ಹೊಟ್ಟೆಗೆ ಅಜೀರ್ಣವಾಗುತ್ತದೆ ಎಂಬುದು ಅವರ ವಾದ. ಪೆಟ್ರೋಲು ಹಾಕುವ ಮುಚ್ಚಳದ ಒಳಗೆ ಕಾರಿನ ಕಂಪನಿಯವರು ಅಂಟಿಸಿದ್ದ ಚೀಟಿಯ ಮೇಲೆ ಇವರು ತಮ್ಮದೊಂದು ಕೆಂಪು ಚೀಟಿ ಅಂಟಿಸಿದ್ದರು: ‘ಉಪಯೋಗಿಸುವ ಮುನ್ನ ಚೆನ್ನಾಗಿ ಕುಲುಕಿರಿ.’

ಬರೆದ ಮೇಲೆ ಪಾಲಿಸಬೇಕಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಹಿಂದಿನ ಬಂಪರು ಹಿಡಿದು ಕಾರನ್ನು ಹತ್ತು ಸಲ ಕುಲುಕುತ್ತಿದ್ದರು. ಮಕ್ಕಳನ್ನು ಶಾಲೆಗೆ ಹೊರಡಿಸಲು ಎದುರುಮನೆಯವರು ಗಡಿಯಾರ ನೋಡುವುದನ್ನೇ ಬಿಟ್ಟಿದ್ದರು.

ಕುಲುಕಿದ ಮೇಲೆ ಸವಾರಿ. ಹೊರಗೆ ಬರಲಾಗದ ಮೂವರು ಮುದುಕರ ಮನೆಗೆ ಔಷಧಿ ಮುಟ್ಟಿಸಿ ಬರುವುದು ಅವರು ತಾವಾಗಿಯೇ ಹೊತ್ತುಕೊಂಡ ಕೆಲಸ. ಹೋಗಿ ಬರಲು ಹದಿನೇಳು ಕಿಲೋಮೀಟರು. ಕೊನೆಯ ಮನೆ ಗುಡ್ಡದ ತುದಿಯಲ್ಲಿತ್ತು. ಅಲ್ಲಿನ ಅಜ್ಜಿಗೆ ಮಂಡಿನೋವು, ಕಣ್ಣೂ ಮಂಜು. ಆದರೂ ಈಚೆಗೆ ಕಾರು ಏರಿನಲ್ಲಿರುವಾಗಲೇ ಮಂಚ ಬಿಟ್ಟು, ಇವರು ತಲುಪುವಷ್ಟರಲ್ಲಿ ಬಾಗಿಲು ತೆಗೆದು ನಿಂತಿರುತ್ತಿದ್ದರು.

ಏಕೆಂದರೆ ಎರಡು ತಿಂಗಳಿಂದ ಆ ಏರಿನಲ್ಲಿ ಕಾರು ಟಕಟಕ ಎನ್ನತೊಡಗಿತ್ತು. ಕ್ಷೌರದಂಗಡಿಯಲ್ಲಿ ಇದನ್ನು ಹೇಳಿದಾಗ ಪಕ್ಕದ ಕುರ್ಚಿಯವನು, ಮುಖದ ತುಂಬ ನೊರೆ ಇಟ್ಟುಕೊಂಡೇ, “ಎಂಜಿನ್ ಬಡ್ಕೋತಿದೆ ಸಾರ್. ದೊಡ್ಡ ನಂಬರಿನ ಪೆಟ್ರೋಲ್ ಹಾಕಿ” ಎಂದ. ಬೀದಿಯ ಕೊನೆಯ ಪಂಪಿನಲ್ಲಿ ಸಿಗುತ್ತಿದ್ದುದು ತೊಂಬತ್ತೊಂದು. ತೊಂಬತ್ತೈದು ಬೇಕಿದ್ದರೆ ಹನ್ನೆರಡೂವರೆ ಕಿಲೋಮೀಟರು ಹೋಗಬೇಕು. ಹೆಚ್ಚು ನಂಬರೆಂದರೆ ಹೆಚ್ಚು ಶಕ್ತಿಯ ಔಷಧಿ ಎಂದುಕೊಂಡು ಕಾಂಪೌಂಡರು ಹೋದರು.

ಸದ್ದು ನಿಲ್ಲಲಿಲ್ಲ. ಮೈಲೇಜು ಮಾತ್ರ ಲೀಟರಿಗೆ ಹತ್ತಕ್ಕೆ ಬಂದು ಕುಳಿತಿತು. ಅದನ್ನು ಬರೆದಿಟ್ಟ ಪುಸ್ತಕ ಹೆಂಡತಿಯ ಕೈಗೆ ಸಿಕ್ಕಿತು. ಅವರು ಈ ಕಾರು ಹತ್ತುವಾಗ ಒಮ್ಮೆ, ಇಳಿಯುವಾಗ ಎರಡು ಸಲ ದೇವರನ್ನು ನೆನೆಯುವವರು.

“ರೀ, ಕುಡಿಯೋದು ತುಟ್ಟಿ ಪೆಟ್ರೋಲು, ಓಡೋದು ಮೊದಲಿಗಿಂತ ಕಮ್ಮಿ. ಇದೇನು ಕಾರೋ, ಮದುವೆ ಮನೆಗೆ ಬಂದ ನಿಮ್ಮ ದೊಡ್ಡಪ್ಪನೋ?”

“ಔಷಧಿ ಮೈಗೆ ಹಿಡಿಯೋಕೆ ಟೈಮ್ ಬೇಕು ಕಣೇ.”

“ತಿಂಗಳ ಕೊನೇವರೆಗೆ ಟೈಮು. ಲೀಟರಿಗೆ ಹದಿನಾಲ್ಕು ಕೊಟ್ರೆ ಇರ್ಲಿ. ಇಲ್ದಿದ್ರೆ ಗುಜರಿಯವನು ಬಂದು ಎತ್ಕೊಂಡು ಹೋಗ್ತಾನೆ. ಹೇಳಿ ಬಂದಿದೀನಿ.”

ಕಾಂಪೌಂಡರು ಲೆಕ್ಕ ಹಾಕಿದರು. ಕಾರು ಹೋದರೆ ಸವಾರಿ ಹೋಯಿತು. ಸವಾರಿ ಹೋದರೆ ಜಗತ್ತಿನಲ್ಲಿ ತಮ್ಮನ್ನು ಕಾಯುವವರೆಂದರೆ ಬೆಕ್ಕೊಂದೇ, ಅದೂ ಹಾಲಿಗಾಗಿ.

ಚಿಕಿತ್ಸೆ ಬಿಗಿಯಾಯಿತು. ಕುಲುಕುವುದು ಹತ್ತರಿಂದ ಇಪ್ಪತ್ತಕ್ಕೇರಿತು. ಕುಲುಕುವಾಗ ಒಳಗಿಂದ ಗಲಗಲ ಸದ್ದು ಬಂದರೆ, ಮಿಶ್ರಣ ಚೆನ್ನಾಗಿ ಬೆರೆಯುತ್ತಿದೆ ಎಂದು ತೃಪ್ತಿಪಟ್ಟರು. ಭಾರ ಕಡಿಮೆಯಾಗಲೆಂದು ಕನ್ನಡಿಗೆ ನೇತುಹಾಕಿದ್ದ ಗೊಂಬೆ ಬಿಚ್ಚಿದರು, ಚಪ್ಪಲಿಯನ್ನೂ ಮನೆಯಲ್ಲೇ ಬಿಟ್ಟು ಹೊರಟರು. ಮೈಲೇಜು ಹತ್ತರಿಂದ ಕದಲಲಿಲ್ಲ.

ತಿಂಗಳ ಕೊನೆಯ ದಿನ ಬಂತು. ಗುಜರಿಯವನಿಗಿಂತ ಮೊದಲು ಹೆಂಡತಿ ತಮ್ಮ ತಮ್ಮನನ್ನು ಕರೆಸಿದರು. ಅವನು ಮೆಕ್ಯಾನಿಕ್. ನಗುತ್ತಾನೆಂದು ಕಾಂಪೌಂಡರು ಇಲ್ಲಿಯವರೆಗೆ ಅವನಿಗೆ ಕಾರು ತೋರಿಸಿರಲಿಲ್ಲ. ಅವನು ಇಬ್ಬರನ್ನೂ ಕೂರಿಸಿಕೊಂಡು ಏರು ಹತ್ತಿಸಿದ. ಟಕಟಕ ಶುರುವಾಯಿತು.

“ಅಕ್ಕಾ, ಹಿಂದೆ ಕೂತಿದೀಯಲ್ಲ, ಸದ್ದು ಎಲ್ಲಿಂದ ಬರ್ತಿದೆ?”

“ನನ್ನ ಬೆನ್ನ ಹಿಂದಿಂದ ಕಣೋ.”

“ಭಾವ, ಈ ಕಾರಿಗೆ ಎಂಜಿನ್ ಎಲ್ಲಿದೆ?”

“ಮುಂದೆ.”

“ಹಾಗಾದ್ರೆ ಕೆಮ್ತಿರೋದು ಯಾರು?”

ಡಿಕ್ಕಿ ತೆಗೆದರೆ ಎರಡು ಪೆಟ್ಟಿಗೆ ತುಂಬ ಖಾಲಿ ಔಷಧಿ ಸೀಸೆಗಳು. ಔಷಧಾಲಯ ಮುಚ್ಚಿದಾಗ ಎಸೆಯಲು ಮನಸ್ಸು ಬಾರದೆ ಕಾಂಪೌಂಡರೇ ಬಚ್ಚಿಟ್ಟಿದ್ದವು.

“ಇದರ ಮೇಲೊಂದು ಕಂಬಳಿ ಹೊದಿಸಿದ್ದೆನಲ್ಲ!”

ಹೆಂಡತಿ ಆಕಾಶ ನೋಡಿದರು. “ಚಳಿಗೆ ಒಂದು ಕಂಬಳಿ ಸಾಲಲಿಲ್ಲ ಅಂತ ಎರಡು ತಿಂಗಳ ಹಿಂದೆ ನಾನೇ ತಗೊಂಡೆ.”

ಮೆಕ್ಯಾನಿಕ್ ಪೆಟ್ರೋಲಿನ ಮುಚ್ಚಳ ತೆಗೆದು ಕೆಂಪು ಚೀಟಿ ಕೆರೆದ. ಕೆಳಗೆ ಸ್ಪಷ್ಟವಾಗಿ ತೊಂಬತ್ತೊಂದು ಎಂದಿತ್ತು. “ಭಾವ, ನಂಬರು ಅಂದ್ರೆ ಶಕ್ತಿ ಅಲ್ಲ, ತಾಳ್ಮೆ. ಎಂಜಿನ್ ಒಳಗೆ ಹಿಂಡುವಾಗ ಪೆಟ್ರೋಲು ತಾನಾಗೇ ಹೊತ್ತಿಕೊಳ್ಳದೆ ಎಷ್ಟು ತಡೆಯುತ್ತೆ ಅಂತ. ಜೋರಾಗಿ ಹಿಂಡೋ ಎಂಜಿನ್ನಿಗೆ ದೊಡ್ಡ ನಂಬರು ಬೇಕು. ಇದು ಪಾಪ, ಮೆತ್ತಗೆ ಹಿಂಡುತ್ತೆ. ತೊಂಬತ್ತೊಂದು ಧಾರಾಳ ಸಾಕು. ಹೌದು, ಮೈಲೇಜು ಹೇಗೆ ಲೆಕ್ಕ ಹಾಕಿದ್ರಿ?”

“ಐದು ಲೀಟರಿಗೆ ಮೂರು ಸವಾರಿ. ಹತ್ತಿರ ಹತ್ತಿರ ಐವತ್ತು ಕಿಲೋಮೀಟರು.”

“ಮತ್ತೆ ಆ ದೂರದ ಪಂಪಿಗೆ ಹೋಗಿ ಬಂದ ಇಪ್ಪತ್ತೈದು?”

“ಅದನ್ನ್ಯಾಕೆ ಸೇರಿಸಲಿ? ಔಷಧಿ ತರೋಕೆ ನಡೆದದ್ದನ್ನ ಯಾರಾದ್ರೂ ಡೋಸಿಗೆ ಸೇರಿಸ್ತಾರಾ?”

ಮೆಕ್ಯಾನಿಕ್ ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತು, ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಂಡತಿ ಮಾತ್ರ ಬೆರಳು ಮಡಚಿ ಲೆಕ್ಕ ಹಾಕಿದರು. “ಎಪ್ಪತ್ತೈದು. ಲೀಟರಿಗೆ ಹದಿನೈದು! ಅಯ್ಯೋ ದೇವರೇ, ತಪ್ಪು ಮಾಡಿದ್ದು ಇವರು, ಬೈಸಿಕೊಂಡದ್ದು ಕಾರು” ಎಂದು ಕಾರಿನ ಬೆನ್ನು ತಟ್ಟಿದರು. ಗುಜರಿಯವನಿಗೆ ಬರಬೇಡವೆಂದು ಅಲ್ಲಿಂದಲೇ ಫೋನು ಹೋಯಿತು.

ಮರುದಿನ ಸೀಸೆಗಳಿಲ್ಲ, ಬೀದಿ ಕೊನೆಯ ಪಂಪಿನ ಪೆಟ್ರೋಲು, ಟ್ಯಾಂಕು ತುಂಬ. ಕಾರು ಸದ್ದಿಲ್ಲದೆ ಗುಡ್ಡ ಏರಿತು. ಅಜ್ಜಿಯ ಬಾಗಿಲು ಮುಚ್ಚಿತ್ತು. ತಟ್ಟಿದರು.

“ಯಾರದು?”

“ನಾನಮ್ಮ, ಕಾಂಪೌಂಡರು.”

“ಸುಳ್ಳು! ಕಾಂಪೌಂಡರಪ್ಪ ಬಂದ್ರೆ ಡಿಕ್ಕಿಯಲ್ಲಿ ಸೀಸೆ ಕುಣಿಯೋದು ಕೆಳಗಿನ ತಿರುವಿಂದ್ಲೇ ಕೇಳ್ಸುತ್ತೆ. ಹೋಗಯ್ಯಾ, ಹೋಗು.”

ಕಣ್ಣು ಮಂಜಾದ ಅಜ್ಜಿಗೆ ಮೊದಲ ದಿನದಿಂದಲೂ ಗೊತ್ತಿತ್ತು! ಕಾಂಪೌಂಡರು ಹೊರಗೆ ನಿಂತು, “ಬಿಳಿ ಮಾತ್ರೆ ಊಟಕ್ಕೆ ಮುಂಚೆ ಒಂದು, ಹಳದಿ ಮಾತ್ರೆ ಮಲಗುವಾಗ ಅರ್ಧ” ಎಂದು ಔಷಧಿಗಳನ್ನೆಲ್ಲ ಕೂಗಿ ಒಪ್ಪಿಸಿದರು. ಆಮೇಲೆ ಚಿಲಕ ಸರಿಯಿತು.

ಅಂದು ರಾತ್ರಿ ಹೆಂಡತಿಗೆ ಇದನ್ನೆಲ್ಲ ಹೇಳಿದರು. ಮಾರನೆಯ ಬೆಳಿಗ್ಗೆ ಕುಲುಕುವ ಹೊತ್ತಿಗೆ ಅವರೇ ಮಡಿಲ ತುಂಬ ಸೀಸೆ ತಂದು ಡಿಕ್ಕಿಗೆ ಹಾಕಿದರು.

“ಆರು ಸಾಕೇನ್ರೀ?”

ಕಾಂಪೌಂಡರು ಒಂದೊಂದಾಗಿ ಎಣಿಸಿದರು. “ಎರಡೆರಡರಂತೆ ಮೂರು ಹೊತ್ತಿಗೆ. ಡೋಸು ಸರಿಯಾಗಿದೆ” ಎಂದು ಬಂಪರಿನ ಇನ್ನೊಂದು ತುದಿಯನ್ನು ಹೆಂಡತಿಗೆ ಬಿಟ್ಟುಕೊಟ್ಟರು.