ಬೇಕರಿ ಚಾಚಾನ ಗುರುವಾರದ ಉಪವಾಸ

ನಮ್ಮ ಬೀದಿಯ ತಿರುವಿನಲ್ಲಿರುವ ಬೇಕರಿಯ ಮಾಲೀಕರನ್ನು ಎಲ್ಲರೂ ಬೇಕರಿ ಚಾಚಾ ಎಂದೇ ಕರೆಯುತ್ತಾರೆ. ಅವರಿಗಿಂತ ಹಿರಿಯನಾದ ನಾನೂ ಹಾಗೆಯೇ ಕರೆಯುತ್ತೇನೆ, ಅವರು ಬೇಸರಪಟ್ಟದ್ದಿಲ್ಲ. ತೋಳಿಗೆಲ್ಲ ಮೈದಾಹಿಟ್ಟು, ಹುಬ್ಬಿಗೂ ಮೈದಾಹಿಟ್ಟು, ಅದರ ಕೆಳಗೆ ಸದಾ ನಗುವ ಎರಡು ಕಣ್ಣು. ಶಾಲೆಯಿಂದ ನಿವೃತ್ತನಾದ ಮೇಲೆ ನನ್ನ ಬೆಳಗಿನ ಹೊತ್ತೆಲ್ಲ ಆ ಅಂಗಡಿಯ ಮುಂದಿನ ಬೆಂಚಿನ ಮೇಲೆಯೇ ಕಳೆಯುತ್ತದೆ.

ಅಂಗಡಿಗೆ ಒಂದು ಪದ್ಧತಿಯಿತ್ತು. ಭಟ್ಟಿಯಿಂದ ಟ್ರೇ ಹೊರಬಂದೊಡನೆ ಮೊದಲ ಬಿಸ್ಕತ್ತನ್ನು ಚಾಚಾ ತಾವೇ ಎತ್ತಿಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿಯುತ್ತಿದ್ದರು. ಗಿರಾಕಿಗಳು ಫಲಿತಾಂಶಕ್ಕೆ ಕಾದ ಮಕ್ಕಳಂತೆ ನಿಂತಿರುತ್ತಿದ್ದರು. ಅವರು ತಲೆಯಾಡಿಸಿದರೆ ಮಾರಾಟ. ಇಲ್ಲವಾದರೆ ಇಡೀ ಟ್ರೇ ಒಳಗೆ ವಾಪಸು. ದಿನದ ದುಡಿಮೆಯಲ್ಲಿ ಅವರಿಗೆ ಅತ್ಯಂತ ಪ್ರಿಯವಾದದ್ದು ಆ ಗಳಿಗೆ.

ಸೋಮವಾರ ಮತ್ತು ಗುರುವಾರ ಮಾತ್ರ ಅವರು ಉಪವಾಸವಿರುತ್ತಿದ್ದರು. ಅದು ಕಡ್ಡಾಯವಲ್ಲ, ಮನಸ್ಸುಳ್ಳವರು ಅಲ್ಲಾಹನಿಗಾಗಿ ಕೈಗೊಳ್ಳುವಂಥದು. ಚಾಚಾ ಅದನ್ನು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ. ಆದರೆ ಆ ದಿನಗಳಲ್ಲಿ ಮೊದಲ ಬಿಸ್ಕತ್ತು ಪಕ್ಕದಂಗಡಿಯ ದರ್ಜಿಯ ಕೈಗೆ ಹೋಗುತ್ತಿದ್ದುದರಿಂದ ಬೀದಿಗೆಲ್ಲ ತಾನಾಗಿಯೇ ತಿಳಿಯುತ್ತಿತ್ತು.

“ಬೆಣ್ಣೆ ವಾಸನೆ ಮಧ್ಯೆ ನಿಂತ್ಕೊಂಡು ಉಪವಾಸ ಅಂದ್ರೆ ಹುಡುಗಾಟಾನಾ?” ಎಂದು ದರ್ಜಿ ಬಾಯಿತುಂಬ ಬಿಸ್ಕತ್ತಿಟ್ಟುಕೊಂಡೇ ಹೊಗಳುತ್ತಿದ್ದ. ಚಾಚಾ ತಲೆ ತಗ್ಗಿಸುತ್ತಿದ್ದರು.

ಒಂದು ಗುರುವಾರ ಅವರಿಗೆ ನೆಗಡಿಯಾಗಿತ್ತು. ಹೆಂಡತಿ, ನಮ್ಮೆಲ್ಲರ ಚಾಚಿ, ಗದರಿಸಿ ಚಹಾ ಕುಡಿಸಿ, ತಿಂಡಿ ತಿನ್ನಿಸಿ ಅಂಗಡಿಗೆ ಕರೆತಂದಿದ್ದರು. ನಮಗದು ಗೊತ್ತಿರಲಿಲ್ಲ. ಟ್ರೇ ಹೊರಬಂತು. ದರ್ಜಿ ಕೈ ಚಾಚಿದ.

“ಗುರುವಾರ ಅಲ್ವಾ ಚಾಚಾ, ತನ್ನಿ. ನನ್ನ ಡ್ಯೂಟಿ ನಾನು ಮಾಡ್ತೀನಿ.”

ಚಾಚಾನ ಕೈ ಸ್ವಲ್ಪ ತಡೆಯಿತು. ಆಮೇಲೆ ಬಿಸ್ಕತ್ತನ್ನು ಅವನ ಅಂಗೈಯಲ್ಲಿಟ್ಟಿತು.

ಬೀದಿಗೆ ಹೊಸದಾಗಿ ಬಂದಿದ್ದ ಹೆಂಗಸೊಬ್ಬರು, “ಇಂಥವರ ಕೈಯಲ್ಲಿ ಬರಕತ್ತು ಇರತ್ತೆ, ಮುಟ್ಟಿದ್ದೆಲ್ಲ ಹೆಚ್ಚತ್ತೆ” ಎಂದರು. ಚಾಚಾ ಎಂದಿನಂತೆ ತಲೆ ತಗ್ಗಿಸಿ ಒಳಗೆ ಹೋದರು.

ನಡುವೆ ಇದ್ದದ್ದು ಬರಿಯ ಹಲಗೆಯ ಗೋಡೆ. ಬೆಂಚಿನ ಮೇಲಿದ್ದ ನನಗೆ ಒಳಗಿನ ಮಾತೆಲ್ಲ ಕೇಳಿಸಿತು.

“ಯಾಕ್ರೀ, ಹಿಟ್ಟಿನ ಚೀಲದ ಮೇಲೆ ಕೂತ್ಬಿಟ್ರಿ? ಜ್ವರ ಬಂತಾ?”

“ಹೊಟ್ಟೇಲಿ ಚಹಾ ಇಟ್ಕೊಂಡು ಉಪವಾಸದವನ ಥರ ನಿಂತಿದ್ದೆ ಕಣೇ.”

“ನೀವೇನು ಬಾಯಿಬಿಟ್ಟು ಸುಳ್ಳು ಹೇಳಿದ್ರಾ?”

“ಬಾಯಿ ಹೇಳಲಿಲ್ಲ, ತಲೆ ಹೇಳ್ತು. ತಗ್ಗಿಸಿದೆನಲ್ಲ!”

ಒಂದು ಕ್ಷಣದಲ್ಲಿ ಅವರು ಹೊರಬಂದರು. ಟ್ರೇಯಿಂದ ಇನ್ನೊಂದು ಬಿಸ್ಕತ್ತನ್ನೆತ್ತಿ, ಎಲ್ಲರೆದುರಿಗೆ ಬಾಯಿಗೆ ಹಾಕಿಕೊಂಡರು.

“ಅಯ್ಯಯ್ಯೋ, ಉಗೀರಿ ಚಾಚಾ, ಉಗೀರಿ!” ದರ್ಜಿ ಕುಣಿದಾಡಿಬಿಟ್ಟ. “ಮರೆತುಬಿಟ್ರಾ? ಹೋಗ್ಲಿ, ಗಾಬರಿ ಆಗ್ಬೇಡಿ. ಮರೆತು ತಿಂದ್ರೆ ಉಪವಾಸ ಮುರಿಯಲ್ಲ, ಅಲ್ಲಾಹನೇ ತಿನ್ನಿಸಿದ ಹಾಗೆ. ಬಾಯಿ ತೊಳ್ಕೊಂಡು ಮುಂದುವರಿಸಿ.”

ದರ್ಜಿ ಹೇಳಿದ ನಿಯಮ ಸರಿಯಾಗಿಯೇ ಇತ್ತು. ಪಾರಾಗಲು ಬಾಗಿಲನ್ನು ಅವನೇ ತೆರೆದುಕೊಟ್ಟಿದ್ದ. ‘ಹೌದಲ್ಲ, ಮರೆತೆ’ ಎಂದಿದ್ದರೆ ಸಾಕಿತ್ತು. ಚಾಚಾನ ಹೆಸರು ಇನ್ನೂ ಒಂದು ಗೇಣು ಮೇಲೇರುತ್ತಿತ್ತು. ಅಗಿಯುತ್ತಿದ್ದ ಅವರ ದವಡೆ ನಿಂತದ್ದನ್ನು ನಾನು ಕಂಡೆ.

“ಮರೆತಿಲ್ಲಪ್ಪಾ,” ಎಂದರು. “ಇವತ್ತು ನನಗೆ ಉಪವಾಸಾನೇ ಇಲ್ಲ. ಬೆಳಗ್ಗೆ ಚಹಾ ಕುಡಿದು, ಒಂದು ಬ್ರೆಡ್ಡೂ ತಿಂದಿದೀನಿ.”

“ಮತ್ತೆ ಆಗ ನನಗ್ಯಾಕೆ ಕೊಟ್ರಿ?”

“ನೀವೆಲ್ಲ ನನ್ನನ್ನ ದೊಡ್ಡ ಮನುಷ್ಯ ಅಂದ್ಕೊಳ್ಳಲಿ ಅಂತ.”

ಆಗ ಹಲಗೆಯ ಹಿಂದಿನಿಂದ ಚಾಚಿಯ ದನಿ ಕೇಳಿಸಿತು: “ಒಂದಲ್ಲ, ಎರಡು ಬ್ರೆಡ್ಡು! ಬೆಣ್ಣೆ ಬೇರೆ!”

ಮೊದಲು ನಕ್ಕವರು ಆ ಹೊಸ ಹೆಂಗಸು. ಆಮೇಲೆ ನಗು ಯಾರ ಹಿಡಿತಕ್ಕೂ ಸಿಗಲಿಲ್ಲ.

ಮಧ್ಯಾಹ್ನ ಮಸೀದಿಗೆ ಹೊರಟು ನನ್ನ ಬೆಂಚಿನ ಬಳಿ ನಿಂತಾಗ ಮಾತ್ರ ಚಾಚಾ ಗಂಭೀರವಾಗಿದ್ದರು. “ಮೇಷ್ಟ್ರೇ, ಈ ಉಪವಾಸ ನನಗೂ ಆ ಅಲ್ಲಾಹನಿಗೂ ಮಾತ್ರ ಗೊತ್ತಿರಬೇಕಾಗಿತ್ತು. ನಾನು ಅಂಗಡಿ ಮುಂದೆ ಬೋರ್ಡು ಬರೆಸಿ ಹಾಕಿದ ಹಾಗೆ ಮಾಡ್ದೆ. ಹೊಗಳಿಕೆಯ ರುಚಿ ಬಾಯಿಗೆ ಹತ್ತಿಬಿಟ್ಟಿತ್ತು. ಇಷ್ಟು ದಿನ ಉಪವಾಸ ಇದ್ದದ್ದು ಯಾರಿಗಾಗಿ ಅಂತ ನನಗೇ ಅನುಮಾನ.”

“ಅದಕ್ಕೆ ಅಂಕ ಕೊಡೋನು ನಾನಲ್ಲ ಚಾಚಾ. ಮುಂದಿನ ಸೋಮವಾರ ಇನ್ನೂ ಬಾಕಿ ಇದೆಯಲ್ಲ” ಎಂದೆ.

ಮರುದಿನದಿಂದಲೇ ಅಂಗಡಿಯ ಪದ್ಧತಿ ಬದಲಾಯಿತು. ವಾರವಿಡೀ, ಯಾವ ದಿನವಾದರೂ, ಮೊದಲ ಬಿಸ್ಕತ್ತು ಮೊದಲು ಬಂದ ಗಿರಾಕಿಗೆ. ಉಪವಾಸ ಯಾವತ್ತು, ಅಲ್ಲದ್ದು ಯಾವತ್ತು ಎಂಬುದರ ಸುಳಿವೇ ಸಿಗದಂತಾಯಿತು. ಪ್ರಾಣದಷ್ಟು ಪ್ರಿಯವಾದ ಆ ಗಳಿಗೆಯನ್ನು ಚಾಚಾ ಬಿಟ್ಟುಕೊಟ್ಟಿದ್ದರು. ಟ್ರೇ ಹೊರಬಂದಾಗ ಅವರ ಗಂಟಲು ಈಗಲೂ ಒಮ್ಮೆ ಏರಿ ಇಳಿಯುವುದುಂಟು. ಮುಖ ಮಾತ್ರ ಹಗುರವಾಗಿರುತ್ತದೆ.

ಬಿಸ್ಕತ್ತಿನ ಹಕ್ಕು ಕಳೆದುಕೊಂಡ ದರ್ಜಿ ಸುಮ್ಮನಿರುವವನೇ? ಗುಟ್ಟು ಹೊರಡಿಸಲೆಂದು ಒಂದು ಸೋಮವಾರ ಚಹಾದ ಲೋಟ ತಂದು ಚಾಚಾನ ಮುಂದಿಟ್ಟ. “ಇರಲಿ, ಕೊಡು” ಎಂದು ಚಾಚಾ ಲೋಟವನ್ನು ಒಳಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಖಾಲಿ ಲೋಟ ಹೊರಬಂತು.

“ಚಾಚಿ, ಕುಡಿದವರು ಯಾರು? ನಿಜ ಹೇಳಿ.”

“ಕುಡಿದವರೂ ಹೇಳಲ್ಲ, ನೋಡಿದವರೂ ಹೇಳಲ್ಲ. ನೀನು ಹೋಗಿ ಬಟ್ಟೆ ಹೊಲಿಯಪ್ಪಾ!”